ವಂಶದ ಮೈ, ಮನೆಯ ಊಟ: ನಿಮ್ಮ ಜೀನ್‌ಗೆ ತಕ್ಕಂತೆ ತಟ್ಟೆ ಹೊಂದಿಸಿಕೊಳ್ಳುವುದು ಹೇಗೆ

"ನಮ್ಮ ವಂಶವೇ ದಪ್ಪ ಮೇಡಂ, ನೀರು ಕುಡಿದ್ರೂ ಮೈ ಬರುತ್ತೆ."

ಮೈಸೂರಿನಲ್ಲಿ ಆಹಾರ ಸಲಹೆ ಕೊಡುವ ಕೆಲಸ ನನ್ನದು. ಈ ಮಾತು ಕೇಳದ ವಾರವೇ ಇಲ್ಲ. ಹೇಳುವವರು ನೆಪ ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ವಂಶದ ಮಾತು ನಿಜ. ನೀರಿನ ಮಾತು ಸುಳ್ಳು. ಇವೆರಡನ್ನೂ ಬೇರೆ ಮಾಡಿಕೊಂಡರೆ ತಟ್ಟೆಯಲ್ಲಿ ಏನು ಬದಲಿಸಬೇಕು ಅನ್ನುವುದು ಗೊತ್ತಾಗುತ್ತದೆ. ಅದಕ್ಕೆ ದುಬಾರಿ ಜೀನ್ ಟೆಸ್ಟ್ ಬೇಡ. ಒಂದು ಹಾಳೆ, ಒಂದು ದರ್ಜಿ ಟೇಪು, ಒಂದು ರಕ್ತ ಪರೀಕ್ಷೆ ಸಾಕು.

ವಂಶದ ಮಾತು ಎಷ್ಟು ನಿಜ ಅಂತ ಮೊದಲು ನೋಡೋಣ. ಕೆನಡಾದಲ್ಲಿ ಕ್ಲೋಡ್ ಬುಷಾರ್ ಅನ್ನುವ ವಿಜ್ಞಾನಿ 12 ಜೋಡಿ ತದ್ರೂಪಿ ಅವಳಿ ಹುಡುಗರನ್ನು ಒಂದೆಡೆ ಇಟ್ಟು ಊಟ ಹಾಕಿದರು. ವಾರಕ್ಕೆ ಆರು ದಿನ, ದಿನಕ್ಕೆ 1,000 ಕ್ಯಾಲರಿ ಜಾಸ್ತಿ. ಒಟ್ಟು 84 ದಿನ ಹೀಗೆ ತಿನ್ನಿಸಿದರು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದೇ ಹೆಚ್ಚುವರಿ ಊಟ. ಆದರೂ ಒಬ್ಬ 4.3 ಕೆಜಿ ಏರಿದ್ದ, ಇನ್ನೊಬ್ಬ 13.3 ಕೆಜಿ. ಆದರೆ ಯಾವ ಜೋಡಿ ನೋಡಿದರೂ ಅದರ ಅವಳಿಗಳಿಬ್ಬರೂ ಹೆಚ್ಚುಕಮ್ಮಿ ಒಂದೇ ಥರ ಏರಿದ್ದರು. ಕೊಬ್ಬು ಸೇರಿದ ಜಾಗವೂ ಇಬ್ಬರಿಗೂ ಒಂದೇ ಥರ. ಇದು ಜೀನ್ ಕೆಲಸ, ಅನುಮಾನ ಇಲ್ಲ. ಆದರೆ ಇನ್ನೊಂದು ವಿಷಯ ಗಮನಿಸಿ. ಅಷ್ಟು ತಿಂದು ಏರದೆ ಉಳಿದವನು ಒಬ್ಬನೂ ಇಲ್ಲ.

ಡೆನ್ಮಾರ್ಕ್‌ನಲ್ಲಿ ದತ್ತು ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. 1986ರಲ್ಲಿ ಪ್ರಕಟವಾದದ್ದು. ದತ್ತು ಹೋದವರು ದೊಡ್ಡವರಾದ ಮೇಲೆ ಅವರ ಮೈ ಹೆತ್ತವರ ಮೈಯನ್ನು ಹೋಲುತ್ತಿತ್ತು, ಸಾಕಿದವರದ್ದನ್ನಲ್ಲ. ಇದನ್ನು ಓದಿದರೆ ಎಲ್ಲವೂ ಹಣೆಬರಹ ಅನ್ನಿಸುತ್ತದೆ ಅಲ್ವಾ? ಈಗ ಪೀಮಾ ಜನರನ್ನು ನೋಡಿ. ಒಂದೇ ಮೂಲದ ಈ ಮೂಲನಿವಾಸಿಗಳಲ್ಲಿ ಕೆಲವರು ಅಮೆರಿಕದ ಅರಿಜೋನಾದಲ್ಲಿದ್ದಾರೆ, ಕೆಲವರು ಮೆಕ್ಸಿಕೊದ ಮೈಕೋಬ ಎಂಬ ಗುಡ್ಡಗಾಡಿನ ಊರಲ್ಲಿದ್ದಾರೆ. ಅರಿಜೋನಾದವರಿಗೆ ಅಂಗಡಿ ಊಟ, ಕಾರು. ಮೈಕೋಬದವರಿಗೆ ಹುರುಳಿಕಾಯಿ ಜಾತಿಯ ಕಾಳು, ಮುಸುಕಿನ ಜೋಳ, ಹೊಲದ ದುಡಿಮೆ. 2006ರ ವರದಿಯಂತೆ ಅರಿಜೋನಾದಲ್ಲಿ 38% ಜನಕ್ಕೆ ಸಕ್ಕರೆ ಕಾಯಿಲೆ, ಮೈಕೋಬದಲ್ಲಿ 6.9%. ಬೊಜ್ಜಿನಲ್ಲೂ ಅಂಥದ್ದೇ ಅಂತರ.

ಎರಡನ್ನೂ ಸೇರಿಸಿ ಓದಬೇಕು. ಎಲ್ಲರೂ ಒಂದೇ ಥರ ತಿನ್ನುವ ಊರಲ್ಲಿ ಯಾರು ದಪ್ಪ ಆಗುತ್ತಾರೆ ಅನ್ನುವುದನ್ನು ಬಹುಪಾಲು ಜೀನ್ ತೀರ್ಮಾನಿಸುತ್ತದೆ. ಊರಲ್ಲಿ ಎಷ್ಟು ಜನ ದಪ್ಪ ಆಗುತ್ತಾರೆ ಅನ್ನುವುದನ್ನು ಊಟ ಮತ್ತು ದುಡಿಮೆ ತೀರ್ಮಾನಿಸುತ್ತವೆ. ನನ್ನ ಕೋಣೆಗೆ ಬಂದವರಿಗೆ ನಾನು ಹೇಳುವುದು ಇಷ್ಟೇ: ಜೀನ್ ಅಂದರೆ ಅಂಗಳದ ಇಳಿಜಾರು. ನೀರು ಯಾವ ಕಡೆ ಹರಿಯುತ್ತೆ ಅಂತ ತೋರಿಸುತ್ತದೆ. ಎಷ್ಟು ನೀರು ಸುರಿಯಬೇಕು ಅನ್ನುವುದು ನಿಮ್ಮ ಕೈಲಿದೆ. ಹಾಗಾಗಿ ಮೊದಲ ಕೆಲಸ ಇಳಿಜಾರು ಯಾವ ಕಡೆಗಿದೆ ಅಂತ ಪತ್ತೆ ಮಾಡುವುದು.

ಮನೆತನದ ಹಾಳೆ

ದೊಡ್ಡ ಹಾಳೆ ತಗೊಳ್ಳಿ. ಅಪ್ಪನ ಕಡೆ ಒಂದು ಭಾಗ, ಅಮ್ಮನ ಕಡೆ ಒಂದು ಭಾಗ. ಅಜ್ಜ-ಅಜ್ಜಿ, ಅವರ ಮಕ್ಕಳು, ಆಮೇಲೆ ನಿಮ್ಮ ಸಾಲು. ಗಂಡನ ಅಥವಾ ಹೆಂಡತಿಯ ಮನೆಯವರು ನಿಮ್ಮ ಹಾಳೆಗೆ ಬೇಡ, ನಿಮ್ಮ ಮಕ್ಕಳ ಹಾಳೆಗೆ ಬೇಕು.

ಬರೀ ದಪ್ಪ, ಸಣ್ಣ ಅಂತ ಬರೆದರೆ ಉಪಯೋಗ ಇಲ್ಲ. ಪ್ರತಿಯೊಬ್ಬರ ಮುಂದೆ ಇವನ್ನು ಬರೆಯಿರಿ. ಮೈ ಬಂದದ್ದು ಯಾವ ವಯಸ್ಸಿನಲ್ಲಿ? ಚಿಕ್ಕಂದಿನಿಂದಲೋ, ಬಾಣಂತನದ ಮೇಲೋ, ಕೆಲಸಕ್ಕೆ ಸೇರಿದ ಮೇಲೋ? ಬಂದದ್ದು ಎಲ್ಲಿ, ಹೊಟ್ಟೆಗೋ ತೊಡೆಗೋ? ಸಕ್ಕರೆ, ಬಿಪಿ ಶುರುವಾದದ್ದು ಯಾವಾಗ? ಹೃದಯದ ತೊಂದರೆ ಯಾರಿಗಾದರೂ ಚಿಕ್ಕ ವಯಸ್ಸಲ್ಲೇ ಬಂತಾ? ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದೇ ಇರುತ್ತಾರೆ, ಅವರಿಗೆ ಇದೆಲ್ಲ ಬಾಯಿಪಾಠ. ಹಳೆಯ ಮದುವೆ ಆಲ್ಬಂ ಮುಂದಿಟ್ಟುಕೊಂಡು ಕೂತರೆ ಕೆಲಸ ಸಲೀಸು.

ಒಂದು ತೊಡಕಿದೆ. ಒಂದೇ ಮನೆಯವರಿಗೆ ಜೀನ್ ಒಂದೇ ಇರುವಂತೆ ಅಡುಗೆಮನೆಯೂ ಒಂದೇ ಇರುತ್ತದೆ. ಯಾವುದು ಯಾವುದರ ಕೆಲಸ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಊರು ಬಿಟ್ಟವರನ್ನು ಹುಡುಕಿ. ನಮ್ಮ ಅಮ್ಮನ ತವರು ಮಳವಳ್ಳಿ ಕಡೆ. ಅಜ್ಜ ಗದ್ದೆ ಕೆಲಸದವರು. ದೊಡ್ಡ ದೊಡ್ಡ ಮುದ್ದೆ ಉಂಡರೂ ಕೊನೆಯವರೆಗೆ ಒಣಗಿದ ಕಡ್ಡಿಯ ಹಾಗೇ ಇದ್ದರು. ದೊಡ್ಡ ಮಾವ ಊರಲ್ಲೇ ಉಳಿದರು, ಅಜ್ಜನದೇ ಮೈಕಟ್ಟು. ಚಿಕ್ಕ ಮಾವ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಸೇರಿದರು, ಮದುವೆಯಾಗಿ ಸ್ವಲ್ಪ ವರ್ಷಕ್ಕೇ ಹೊಟ್ಟೆ ಮುಂದೆ ಬಂತು, ಆಮೇಲೆ ಸಕ್ಕರೆ. ನಮ್ಮ ಅಮ್ಮನದೂ ಅದೇ ಕಥೆ. ಅಂದರೆ ಇಳಿಜಾರು ಅಜ್ಜನ ಕಾಲದಲ್ಲೇ ಇತ್ತು, ಗದ್ದೆ ಕೆಲಸ ಅದನ್ನು ಮುಚ್ಚಿಟ್ಟಿತ್ತು. ನನಗೂ ಹೊಟ್ಟೆಯ ಕಡೆಗೇ ಹರಿಯುತ್ತದೆ ಅಂತ ತಿಳಿದದ್ದು ಈ ಹಾಳೆಯಿಂದಲೇ.

ಆಗುವುದಾದರೆ ಹುಟ್ಟಿದಾಗಿನ ತೂಕವನ್ನೂ ಕೇಳಿ ಬರೆದುಕೊಳ್ಳಿ. ಇದಕ್ಕೂ ನಮ್ಮ ಮೈಸೂರಿಗೂ ನಂಟಿದೆ. ಇಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆ ಇಟ್ಟಿದ್ದರು. ಆ ಪುಸ್ತಕ ಹಿಡಿದು, ಬೆಳೆದು ದೊಡ್ಡವರಾದ ಅದೇ ಮಕ್ಕಳನ್ನು ಹುಡುಕಿ ಪರೀಕ್ಷೆ ಮಾಡಿದರು. ಸಣ್ಣ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಅಂತ 1996ರಲ್ಲಿ ವರದಿಯಾಯಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥಿನಾನ್ ಅಧ್ಯಯನದಲ್ಲಿ, ಬಸುರಿಯಲ್ಲಿ ಸಕ್ಕರೆ ಬಂದಿದ್ದ ತಾಯಂದಿರ ಮಕ್ಕಳಿಗೆ ಕೊಬ್ಬು ಜಾಸ್ತಿ ಇರುವುದು ಕಂಡಿತು. ಜೀನ್ ಮತ್ತು ಊಟ ಮೊದಲು ಭೇಟಿಯಾಗುವುದು ಗರ್ಭದಲ್ಲಿ. ಹಾಗಾಗಿ ನಿಮ್ಮ ಹಾಳೆಯಲ್ಲಿ ಸಕ್ಕರೆ ಇದ್ದು ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. "ಇಬ್ಬರಿಗೆ ತಿನ್ನು" ಅಂತ ಹೋಳಿಗೆ ಬಡಿಸುವುದನ್ನೂ ಕಮ್ಮಿ ಮಾಡಿ.

ಟೇಪು ಮತ್ತು ರಕ್ತ

ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಸುತ್ತಿ. ಉಸಿರು ಸಹಜವಾಗಿ ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆಳೆಯಬೇಡಿ. ನಮ್ಮವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರ. ಇದು ನೆನಪಿರದಿದ್ದರೆ ಸುಲಭದ ಲೆಕ್ಕ: ಸೊಂಟ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಲಿ. ಗಂಡಸರು ಪ್ಯಾಂಟಿನ ನಂಬರ್ ಹೇಳಿ ಕೈತೊಳೆದುಕೊಳ್ಳುತ್ತಾರೆ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ ಸ್ವಾಮಿ, ಆ ನಂಬರ್ ಲೆಕ್ಕಕ್ಕಿಲ್ಲ.

ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಅದನ್ನೂ ನೋಡಿ, ಆದರೆ ಅದನ್ನೇ ನಂಬಬೇಡಿ. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ನಂಬಬೇಡಿ ಅಂದದ್ದು ಯಾಕೆ ಅಂದರೆ, 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಬಂತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಮೈಯೊಳಗಿನ ಕೊಬ್ಬು ಮಾತ್ರ ಯಡ್ಕಿನ್ ಅವರಿಗೆ 9.1%, ಯಾಜ್ಞಿಕ್ ಅವರಿಗೆ 21.2%. ಸಣ್ಣ ಕೈಕಾಲು, ಒಳಗೆ ಕೊಬ್ಬು. ನಮ್ಮ ಬೀದಿಯಲ್ಲಿ ಇಂಥವರು ಬೇಕಾದಷ್ಟು ಜನ. "ನಾನು ಸಣ್ಣಗಿದ್ದೀನಲ್ಲ, ನನಗೆ ಹೇಗೆ ಶುಗರ್ ಬಂತು" ಅಂತ ಕೇಳುವವರು ಇವರೇ.

ರಕ್ತ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಲೆಕ್ಕ), ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಇರಲಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಟ್ರೈಗ್ಲಿಸರೈಡ್ 150ರ ಒಳಗಿರಲಿ.

ನಿಮ್ಮದು ಹಸಿವಿನ ಜೀನೋ, ಹೊಟ್ಟೆಯ ಜೀನೋ?

ಜೀನ್ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು "ನನ್ನ ಮೆಟಬಾಲಿಸಂ ಸ್ಲೋ", ಅಂದರೆ ಮೈ ಕ್ಯಾಲರಿ ಸುಡುವುದು ನಿಧಾನ ಅನ್ನುವ ಮಾತು. ಬೊಜ್ಜಿಗೆ ಸಂಬಂಧಪಟ್ಟ ಜೀನ್‌ಗಳಲ್ಲಿ ಹೆಚ್ಚು ಹೆಸರಾದದ್ದು ಎಫ್‌ಟಿಒ, 2007ರಲ್ಲಿ ಸಿಕ್ಕಿದ್ದು. ಇದರ ಒಂದು ರೂಪ ಅಪ್ಪನಿಂದಲೂ ಅಮ್ಮನಿಂದಲೂ ಬಂದಿದ್ದರೆ ಸರಾಸರಿ 3 ಕೆಜಿ ಜಾಸ್ತಿ ಇರುತ್ತಾರೆ. ಬರೀ ಮೂರು. ಅದು ಮೂವತ್ತು ಕೆಜಿಗೆ ನೆಪ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಅದು ಹೇಗೆ ಕೆಲಸ ಮಾಡುತ್ತೆ ಅನ್ನುವುದು. ಸ್ಕಾಟ್ಲೆಂಡಿನ ಶಾಲಾ ಮಕ್ಕಳನ್ನು ನೋಡಿದಾಗ, ಆ ರೂಪ ಇದ್ದ ಮಕ್ಕಳ ಮೈ ಕ್ಯಾಲರಿ ಸುಡುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. ಅವರು ಎಣ್ಣೆ, ಸಿಹಿ ತುಂಬಿದ ತಿಂಡಿಯನ್ನು ಜಾಸ್ತಿ ತಿನ್ನುತ್ತಿದ್ದರು. ಎಂಸಿ4ಆರ್ ಅನ್ನುವ ಇನ್ನೊಂದು ಜೀನ್ ಕೆಲಸ ಮಾಡುವುದೂ ಮಿದುಳಿನಲ್ಲಿ, ಹಸಿವು-ತೃಪ್ತಿಯ ಜಾಗದಲ್ಲಿ. ತೂಕದ ಜೀನ್‌ಗಳಲ್ಲಿ ಬಹಳಷ್ಟು ಹೊಟ್ಟೆಗಿಂತ ತಲೆಯಲ್ಲಿ ಆಟ ಆಡುತ್ತವೆ.

ಹಾಗಾಗಿ ಒಂದು ವಾರ ಪುಸ್ತಕ ಇಟ್ಟುಕೊಂಡು ಬರೆಯಿರಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ಮತ್ತೆ ಹಸಿವಾಯಿತು, ಹಸಿವಿಲ್ಲದೆ ಕೈ ಹೋದದ್ದು ಯಾವಾಗ. ಕ್ಯಾಲರಿ ಎಣಿಸುವುದು ಬೇಡ. ವಾರದ ಕೊನೆಗೆ ಮೂರರಲ್ಲಿ ಒಂದು ಎದ್ದು ಕಾಣುತ್ತದೆ, ಕೆಲವರಿಗೆ ಎರಡು. ಇದು ನನ್ನ ಅನುಕೂಲಕ್ಕೆ ಮಾಡಿಕೊಂಡ ವಿಂಗಡಣೆ, ವೈದ್ಯಕೀಯ ಪುಸ್ತಕದ್ದಲ್ಲ.

ತಿಂಡಿ ಕಣ್ಣಿಗೆ ಬಿದ್ದರೆ ಕೈ ತಡೆಯದವರು. ಹೊಟ್ಟೆ ತುಂಬಿದ್ದು ತಡವಾಗಿ ಗೊತ್ತಾಗುವವರು. ತಿನ್ನುವುದು ಕಮ್ಮಿಯೇ, ಆದರೂ ಹೊಟ್ಟೆ ಮತ್ತು ಸಕ್ಕರೆ ಏರುವವರು.

ಮೊದಲನೆಯವರಿಗೆ ಉಪದೇಶ ಮಾಡಿ ಪ್ರಯೋಜನ ಇಲ್ಲ, ಮನೆಯ ವ್ಯವಸ್ಥೆ ಬದಲಿಸಬೇಕು. ಚಕ್ಕುಲಿ, ನಿಪ್ಪಟ್ಟು ಗಾಜಿನ ಭರಣಿಯಲ್ಲಿ ಬೇಡ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಅಟ್ಟದ ಮೇಲಿರಲಿ. ಅದಕ್ಕಿಂತ ಒಳ್ಳೆಯದು ಕಾಲು ಕೆಜಿ ಮಾತ್ರ ತರುವುದು. ಸಂಜೆ ನಾಲ್ಕಕ್ಕೆ ಹುರಿಗಡಲೆ, ಬೇಯಿಸಿದ ಕಡಲೆಕಾಳು ಅಥವಾ ಮೊಟ್ಟೆ ಸಿದ್ಧ ಇಡಿ. ಏನೂ ಇಲ್ಲದಿದ್ದರೆ ಕಾಲು ತಾನಾಗಿ ಬೇಕರಿ ಕಡೆ ನಡೆಯುತ್ತದೆ.

ಎರಡನೆಯವರು ಊಟದ ಕ್ರಮ ಬದಲಿಸಲಿ. ಮೊದಲು ಕೋಸಂಬರಿ, ಪಲ್ಯ. ಆಮೇಲೆ ಕಾಳು ಅಥವಾ ಮೊಟ್ಟೆ, ಮೀನು. ಕೊನೆಗೆ ಅನ್ನ, ಮುದ್ದೆ. ನಮ್ಮ ಎಲೆ ಊಟದಲ್ಲಿ ಕೋಸಂಬರಿ ಮೊದಲೇ ಬೀಳುತ್ತದೆ, ನಾವು ಮಾತ್ರ ಅದನ್ನು ಬೆರಳಲ್ಲಿ ಮುಟ್ಟಿ ಅನ್ನಕ್ಕೆ ಕಾಯುತ್ತೇವೆ. ಎರಡನೇ ಸಲ ಬಡಿಸಿಕೊಳ್ಳುವ ಮುಂಚೆ ಹತ್ತು ನಿಮಿಷ ಬಿಡಿ. ಪಾತ್ರೆ ಅಡುಗೆಮನೆಯಲ್ಲೇ ಇದ್ದರೆ ಕಾಯುವುದು ಸುಲಭ, ಪಕ್ಕದಲ್ಲಿದ್ದರೆ ಆಗದ ಮಾತು.

ಮೂರನೆಯವರೇ ನನ್ನ ಹತ್ತಿರ ಜಾಸ್ತಿ ಬರುವುದು. ಇವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು.

ಅನ್ನ, ಮುದ್ದೆ, ಎಣ್ಣೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರಕಾರ 2,000 ಕ್ಯಾಲರಿ ಬೇಕಾದವರಿಗೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಸಾಕು. ಎರಡೂ ಬೇಯಿಸುವ ಮುಂಚಿನ ತೂಕ. ಧಾನ್ಯ ಅಂದರೆ ಬೆಳಗಿನ ದೋಸೆಯ ಅಕ್ಕಿ, ಮಧ್ಯಾಹ್ನದ ಅನ್ನ, ರಾತ್ರಿಯ ಚಪಾತಿ ಎಲ್ಲ ಸೇರಿ. ನಿಮ್ಮ ಮನೆಯ ಪಾವಿಗೆ ಎಷ್ಟು ಗ್ರಾಂ ಅಕ್ಕಿ ಹಿಡಿಯುತ್ತೆ ಅಂತ ಅಂಗಡಿಯ ತಕ್ಕಡಿಯಲ್ಲಿ ಒಂದು ಸಲ ತೂಗಿಸಿಕೊಳ್ಳಿ. ಆಮೇಲೆ ದಿನಕ್ಕೆ ಎಷ್ಟು ಪಾವು ಹಾಕುತ್ತೀರಿ, ಎಷ್ಟು ಜನ ಉಣ್ಣುತ್ತೀರಿ ಲೆಕ್ಕ ಹಾಕಿ. ಬಹಳ ಮನೆಗಳಲ್ಲಿ ಅಕ್ಕಿ ಬೇಕಾದ್ದಕ್ಕಿಂತ ಜಾಸ್ತಿ, ಬೇಳೆ ಅರ್ಧಕ್ಕಿಂತ ಕಮ್ಮಿ. ತಿಳಿಸಾರಿನಲ್ಲಿ ಬೇಳೆ ಎಲ್ಲಿರುತ್ತೆ ಹೇಳಿ. ಅದರ ಬದಲು ಬಸ್ಸಾರು ಮಾಡಿ, ಬಸಿದ ಕಾಳು-ಸೊಪ್ಪಿನ ಪಲ್ಯವನ್ನು ತಟ್ಟೆಯ ಅರ್ಧ ತುಂಬ ಹಾಕಿಕೊಳ್ಳಿ. ಹುರುಳಿ, ಅವರೆ, ಅಲಸಂದೆ ಯಾವುದಾದರೂ ಸರಿ. ಹಳೇ ಮೈಸೂರಿನ ಅಡುಗೆಯಲ್ಲಿ ಇದಕ್ಕಿಂತ ಜಾಣ ಊಟ ನನಗೆ ಕಂಡಿಲ್ಲ.

"ಅನ್ನ ಬಿಟ್ಟು ಮುದ್ದೆ ತಿಂತೀನಿ, ಸರೀನಾ?" ಇದು ಮಾಮೂಲಿ ಪ್ರಶ್ನೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಪಾಲಿಶ್ ಅಕ್ಕಿಯಲ್ಲಿ ಸುಮಾರು 356. ದೊಡ್ಡ ವ್ಯತ್ಯಾಸ ಅಲ್ಲ. ನಾರು ಮಾತ್ರ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಾಗಿ ರಾಗಿ ಒಳ್ಳೆಯದೇ. ಒಂದು ಮುದ್ದೆಯ ಮಟ್ಟಿಗೆ. ಎರಡು ದಪ್ಪ ಮುದ್ದೆ ನುಂಗಿ ಅದರ ಮೇಲೆ ಅನ್ನವನ್ನೂ ಉಂಡರೆ ರಾಗಿಯನ್ನು ದೂರಬೇಡಿ. ಅಜ್ಜನಂತೆ ಗದ್ದೆಗೆ ಇಳಿಯುವವರ ಲೆಕ್ಕ ಬೇರೆ.

ಎಣ್ಣೆಯನ್ನು ಚಮಚದಲ್ಲಿ ಅಳೆಯಲು ಹೋದರೆ ಎರಡು ದಿನಕ್ಕೆ ಬೇಜಾರಾಗುತ್ತದೆ. ತಿಂಗಳ ಸಾಮಾನು ಚೀಟಿ ನೋಡಿ. ತಲೆಗೆ ದಿನಕ್ಕೆ 25 ಗ್ರಾಂ ಹಿಡಿದರೆ ನಾಲ್ಕು ಜನಕ್ಕೆ ತಿಂಗಳಿಗೆ 3 ಕೆಜಿ, ಅಂದರೆ ಸುಮಾರು ಮೂರೂಕಾಲು ಲೀಟರ್. ತುಪ್ಪ, ಬೆಣ್ಣೆಯೂ ಇದರಲ್ಲೇ ಬರಬೇಕು. ನಿಮ್ಮ ಚೀಟಿಯಲ್ಲಿ ಐದು ಲೀಟರ್ ಕ್ಯಾನ್ ಇದ್ದರೆ ಉತ್ತರ ಸಿಕ್ಕಿತು.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ಪ್ರಯೋಗ ಮಾಡಿ. ಒಂದು ದಿನ ಎಂದಿನಂತೆ ಅನ್ನ-ಸಾರು ಉಂಡು ಎರಡು ಗಂಟೆಗೆ ಸಕ್ಕರೆ ನೋಡಿ. ಇನ್ನೊಂದು ದಿನ ಅದೇ ಅನ್ನ ಅಷ್ಟೇ ಇರಲಿ, ಮುಂಚೆ ಪಲ್ಯ, ಕಾಳು ತಿಂದು ಆಮೇಲೆ ಉಣ್ಣಿ. ಮತ್ತೆ ನೋಡಿ. ಮೂರನೇ ದಿನ ಊಟ ಆದ ಮೇಲೆ ಹದಿನೈದು ನಿಮಿಷ ನಡೆದು ನೋಡಿ. ಒಂದೇ ಊಟಕ್ಕೆ ಬೇರೆ ಬೇರೆ ಜನರ ಸಕ್ಕರೆ ಬೇರೆ ಬೇರೆ ಥರ ಏರುತ್ತದೆ ಅಂತ ಇಸ್ರೇಲಿನಲ್ಲಿ 800 ಜನರ ಮೇಲೆ ನಡೆದ ಅಧ್ಯಯನ 2015ರಲ್ಲಿ ತೋರಿಸಿತು. ಪಕ್ಕದ ಮನೆಯವರಿಗೆ ಹಿಡಿಸಿದ ಡಯಟ್ ನಿಮಗೆ ಹಿಡಿಸದಿದ್ದರೆ ಆಶ್ಚರ್ಯ ಪಡಬೇಡಿ. ನಿಮ್ಮ ಬೆರಳ ತುದಿಯ ಹನಿ ಹೇಳುವುದನ್ನು ಕೇಳಿ.

ನಡಿಗೆ ಬಗ್ಗೆ ಎರಡೇ ಮಾತು. ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ ನೋಡಿದಾಗ, ಮೈ ಬಗ್ಗಿಸಿ ಓಡಾಡುವವರಲ್ಲಿ ಎಫ್‌ಟಿಒ ಪ್ರಭಾವ ಸುಮಾರು 30% ಕಮ್ಮಿ ಇತ್ತು. ಇನ್ನೊಂದು ನಮ್ಮ ದೇಶದ್ದು. ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿತು. ಊಟ, ನಡಿಗೆ ಬದಲಿಸಿದವರಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ 28.5% ಇಳಿಯಿತು, ಅದೂ ತೂಕ ಹೆಚ್ಚೇನೂ ಇಳಿಯದೆ. ತಕ್ಕಡಿ ಮುಳ್ಳು ಅಲ್ಲಾಡಲಿಲ್ಲ ಅಂತ ನಡಿಗೆ ಬಿಡುವವರು ಇದನ್ನು ಎರಡು ಸಲ ಓದಿ.

ಉಗುಳು ಕಳಿಸುವ ಕಿಟ್

ಇತ್ತೀಚೆಗೆ ಕೆಲವರು ಉಗುಳು ಕಳಿಸಿ ಮಾಡಿಸಿದ ಜೀನ್ ಟೆಸ್ಟ್ ವರದಿ ಹಿಡಿದುಕೊಂಡೇ ಬರುತ್ತಾರೆ. ಬಣ್ಣಬಣ್ಣದ ಪುಟಗಳು. "ನಿಮಗೆ ಕೊಬ್ಬು ಆಗದು, ಕಮ್ಮಿ ಕೊಬ್ಬಿನ ಡಯಟ್ ಮಾಡಿ" ಅಂತ ಬರೆದಿರುತ್ತದೆ. ಇದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. 609 ಜನ, ಒಂದು ವರ್ಷ, ಅರ್ಧ ಜನಕ್ಕೆ ಕೊಬ್ಬು ಕಮ್ಮಿ, ಅರ್ಧ ಜನಕ್ಕೆ ಹಿಟ್ಟು-ಸಕ್ಕರೆ ಕಮ್ಮಿ. 2018ರಲ್ಲಿ ಫಲಿತಾಂಶ ಬಂತು. ಜೀನ್‌ಗೆ ಹೊಂದುವ ಡಯಟ್ ಸಿಕ್ಕವರು, ಸಿಗದವರು, ಇಬ್ಬರ ನಡುವೆ ವ್ಯತ್ಯಾಸ ಇರಲಿಲ್ಲ. ಎಫ್‌ಟಿಒದ ಆ ರೂಪ ಇದ್ದವರೂ ಪಟ್ಟುಹಿಡಿದರೆ ಬೇರೆಯವರಷ್ಟೇ ತೂಕ ಇಳಿಸುತ್ತಾರೆ ಅಂತ 2016ರಲ್ಲಿ ಇನ್ನೊಂದು ದೊಡ್ಡ ವಿಶ್ಲೇಷಣೆ ಹೇಳಿತು. ಇದರ ಜೊತೆಗೆ, ಇಂಥ ವರದಿಗಳಿಗೆ ಆಧಾರವಾದ ಮಾಹಿತಿ ಬಹುಪಾಲು ಯುರೋಪಿನ ಮೂಲದವರದ್ದು. ಆ ದುಡ್ಡಲ್ಲಿ ಒಂದು ಒಳ್ಳೆ ಜೊತೆ ಶೂ ತಗೊಳ್ಳಿ ಅನ್ನುವುದು ನನ್ನ ಸಲಹೆ.

ಜೀನ್ ಪರೀಕ್ಷೆ ನಿಜವಾಗಿ ಬೇಕಾಗುವುದು ಕೆಲವು ಮಕ್ಕಳಿಗೆ. ಐದು ವರ್ಷದ ಒಳಗೇ ವಿಪರೀತ ದಪ್ಪ, ಎಷ್ಟು ಕೊಟ್ಟರೂ ತೀರದ ಹಸಿವು, ಊಟ ಕದ್ದು ತಿನ್ನುವುದು, ಮಾತು-ನಡಿಗೆ ತಡ, ಹುಟ್ಟಿದಾಗ ಮೈ ಜೋಲು ಬಿದ್ದು ಹಾಲು ಚೀಪದಿರುವುದು, ಕೈಕಾಲಲ್ಲಿ ಹೆಚ್ಚುವರಿ ಬೆರಳು, ಕತ್ತಲಲ್ಲಿ ಕಣ್ಣು ಕಾಣದಿರುವುದು. ಇವುಗಳಲ್ಲಿ ಕೆಲವು ಸೇರಿದ್ದರೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ. ಹತ್ತಿರದ ಸಂಬಂಧದಲ್ಲಿ ಮದುವೆ ಆಗಿದ್ದರೆ ಅದನ್ನೂ ಹೇಳಿ, ಮುಜುಗರ ಬೇಡ. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವೈದ್ಯರು ಹೀಗೇ ವಿಪರೀತ ದಪ್ಪವಿದ್ದ ಇಬ್ಬರು ದಾಯಾದಿ ಮಕ್ಕಳಲ್ಲಿ ಹಸಿವು ತಗ್ಗಿಸುವ ಲೆಪ್ಟಿನ್ ಹಾರ್ಮೋನೇ ಇಲ್ಲದಿರುವುದನ್ನು ಪತ್ತೆ ಮಾಡಿದರು. ಆ ಹಾರ್ಮೋನ್ ಚುಚ್ಚುಮದ್ದು ಕೊಟ್ಟ ಮೇಲೆ ಹಸಿವು ಹತೋಟಿಗೆ ಬಂತು. ಅಂಥ ಮಗುವನ್ನು "ಹೊಟ್ಟೆಬಾಕ" ಅಂತ ಬೈದು ಏನಾಗಬೇಕು?

ಕೊನೆಯದಾಗಿ ಕೆಲಸದ ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಟೇಪು ತಿಂಗಳಿಗೊಮ್ಮೆ ಸಾಕು. ಎಚ್‌ಬಿಎ1ಸಿ ಹಿಂದಿನ ಸುಮಾರು ಮೂರು ತಿಂಗಳ ಲೆಕ್ಕ ಹೇಳುವುದರಿಂದ ಮೂರು ತಿಂಗಳ ಮುಂಚೆ ಮತ್ತೆ ಮಾಡಿಸಿ ದುಡ್ಡು ಕಳೆಯಬೇಡಿ. ಈಗಾಗಲೇ ಇನ್ಸುಲಿನ್ ತಗೊಳ್ಳುತ್ತಿದ್ದರೆ, ಅಥವಾ ಗ್ಲಿಮಿಪಿರೈಡ್ ಥರದ ಮಾತ್ರೆ ನುಂಗುತ್ತಿದ್ದರೆ, ಅನ್ನ ಕಮ್ಮಿ ಮಾಡುವ ಮುಂಚೆ ನಿಮ್ಮ ಡಾಕ್ಟರಿಗೆ ಹೇಳಿ. ಊಟ ಇಳಿದು ಮಾತ್ರೆ ಹಾಗೇ ಉಳಿದರೆ ಸಕ್ಕರೆ ಏಕಾಏಕಿ ಬೀಳುತ್ತದೆ. ಬೆವರು, ನಡುಕ, ತಲೆ ತಿರುಗು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಸಕ್ಕರೆ ನೋಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.